ಮೀಡಿಯಂ ಅಕ್ಕನ ಅಳತೆ

ನರ್ಸ್ ಹುಡುಗಿ ಎದೆಗೆ ಟೇಪು ಹಿಡಿದ ರೀತಿ ನೋಡಿದ ಕೂಡಲೇ ಅಳತೆ ತಪ್ಪು ಬರುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಬೆನ್ನ ಕಡೆ ಟೇಪು ಎರಡು ಬೆರಳು ಕೆಳಗೆ ಜಾರಿತ್ತು, ಮುಂದೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತಿತ್ತು, ಹುಡುಗಿಯ ಕಣ್ಣು ಅಂಕಿಯ ಮೇಲಿರದೆ ಎದುರು ಗೋಡೆಯ ಗಡಿಯಾರದ ಮೇಲಿತ್ತು. ಪರಿಚಯವಿಲ್ಲದ ಕೋಣೆಯಲ್ಲಿ ಅರೆಬೆತ್ತಲೆ ನಿಂತ ನಾಚಿಕೆಗಿಂತ ಈ ಕಳಪೆ ಕೆಲಸವೇ ಅವಳನ್ನು ಹೆಚ್ಚು ಚುಚ್ಚಿತು. "ಎಂಬತ್ತೇಳು," ಎಂದು ಹುಡುಗಿ ತನಗೆ ತಾನೇ ಹೇಳಿಕೊಂಡು ಹಾಳೆಯಲ್ಲಿ ಬರೆದಳು. ಸೆಂಟಿಮೀಟರು. ಅದನ್ನು ಇಂಚಿಗೆ ತಿರುಗಿಸಲು ಅವಳಿಗೆ ಪೆನ್ನು ಬೇಕಿರಲಿಲ್ಲ. ಮೂವತ್ನಾಲ್ಕೂ ಕಾಲು. ಅವಳಿಗೆ ನಗು ಬಂತು.

"ತಪ್ಪಾಗಿದೆಯಮ್ಮ, ಇನ್ನೊಂದ್ಸಲ ತಗೋ."

"ಸರಿಯಾಗೇ ತಗೊಂಡೆ ಮೇಡಂ."

"ಎಲ್ಲಿ ಸರಿ? ಹಿಂದೆ ಜಾರಿದೆ ನೋಡು. ಟೇಪು ನೆಲಕ್ಕೆ ಸಮ ಇರ್ಬೇಕು. ಎಳೀಬಾರ್ದು, ಸಡಿಲ ಬಿಡ್ಲೂಬಾರ್ದು. ಕೊಡಿಲ್ಲಿ."

ಪರದೆಯಾಚೆ ಕುಳಿತಿದ್ದ ನಾದಿನಿ ಕಿಸಕ್ಕನೆ ನಕ್ಕಳು. "ಅತ್ತಿಗೆ, ಆಪರೇಷನ್ನೂ ನೀನೇ ಮಾಡ್ಕೊಂಡ್ಬಿಡು. ಡಾಕ್ಟರಿಗೆ ಒಂದು ಟೀ ಕೊಡಿಸಿ ಪಕ್ಕಕ್ಕೆ ಕೂರಿಸೋಣ."

ಅವಳು ಕನ್ನಡಿಯ ಮುಂದೆ ನಿಂತು ತಾನೇ ಟೇಪು ಸುತ್ತಿಕೊಂಡಳು. ಮಟ್ಟವಾಗಿ, ಮೈಗೆ ತಾಗಿಯೂ ತಾಗದ ಹಾಗೆ. ಎಂಬತ್ತೇಳು. ಬಿಚ್ಚಿ ಮತ್ತೆ ಸುತ್ತಿದಳು. ಎಂಬತ್ತೇಳು. ಕೆಟ್ಟ ಕೈಯೂ ಒಳ್ಳೆಯ ಕೈಯೂ ಒಂದೇ ಅಂಕಿಗೆ ಬಂದು ನಿಂತಿದ್ದವು. ನರ್ಸ್ ಹುಡುಗಿ ಗೆದ್ದವಳ ಹಾಗೇನೂ ಕಾಣಲಿಲ್ಲ; ಕೈ ಚಾಚಿ ಟೇಪು ವಾಪಸು ತೆಗೆದುಕೊಂಡಳು, ಅಷ್ಟೆ.

ಮೂರು ವಾರದ ಹಿಂದೆ, ಮಂಗಳವಾರ, ಇದೇ ಎದೆಗೆ ಟೇಪು ಸುತ್ತಿ ಟೈಲರ್ ಮಾಸ್ಟರು ಇಡೀ ಸ್ಯಾಂಪಲ್ ಕೋಣೆಗೆ ಕೇಳುವ ಹಾಗೆ "ಮೂವತ್ತಾರು" ಎಂದಿದ್ದರು. ಅದಕ್ಕೂ ಹಿಂದಿನ ತಿಂಗಳು ಮೂವತ್ತಾರು. ಹದಿನಾಲ್ಕು ವರ್ಷದಿಂದ ಮೂವತ್ತಾರು. ಅವಳ ಕೆಲಸವೆಂದರೆ ನಿಲ್ಲುವುದು. ಸಿದ್ಧ ಉಡುಪಿನ ಕಾರ್ಖಾನೆಯ ಮೂರನೆಯ ಮಹಡಿಯಲ್ಲಿ, ಒಂದಡಿ ಎತ್ತರದ ಮರದ ಪೆಟ್ಟಿಗೆಯ ಮೇಲೆ ಅವಳು ನಿಂತರೆ ಹೊಸ ಮಾದರಿಯ ಅಂಗಿಯನ್ನು ಮೈಗೆ ತೊಡಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡಿ, ಹೆಚ್ಚಾದ ಬಟ್ಟೆಯನ್ನು ಹಿಡಿದು ಪಿನ್ನು ಚುಚ್ಚುತ್ತಿದ್ದರು. ಅವಳಿಗೆ ಸರಿಹೋಯಿತೆಂದರೆ ಅದೇ ಪ್ಯಾಟರ್ನಿನಲ್ಲಿ, ಅಂದರೆ ಅದೇ ಮಾದರಿ ಹಾಳೆಯಿಟ್ಟು ಕತ್ತರಿಸಿ, ಸಾವಿರಗಟ್ಟಲೆ ಮೀಡಿಯಂ ಅಂಗಿಗಳು ಹೊಲಿಗೆಗೆ ಹೋಗುತ್ತಿದ್ದವು. ಮೊದಲು ಅವಳೂ ಹೊಲಿಗೆ ಸಾಲಿನಲ್ಲಿ ಕಾಲರು ಕೂರಿಸುವವಳೇ. ಒಂದು ದಿನ ಮಾಸ್ಟರು ಟೇಪನ್ನು ಕೊರಳಿಗೆ ಹಾಕಿಕೊಂಡು ಸಾಲುಸಾಲಾಗಿ ನೋಡುತ್ತ ಬಂದು ಅವಳ ಹತ್ತಿರ ನಿಂತಿದ್ದರು. ಅಳೆದು ನೋಡಿ, "ಮಿಕ್ಕವರನ್ನೆಲ್ಲ ದೇವರು ಅಂದಾಜಿನ ಮೇಲೆ ಮಾಡಿದಾನೆ, ಇವಳನ್ನ ಮಾತ್ರ ಟೇಪು ಹಿಡ್ಕೊಂಡು ಮಾಡಿದಾನೆ" ಎಂದಿದ್ದರು. ಅಂದಿನಿಂದ ಅವಳಿಗೆ ಹೆಸರೇ ಹೋಯಿತು. ಗೇಟಿನ ಕಾವಲುಗಾರನಿಂದ ಮ್ಯಾನೇಜರವರೆಗೆ ಎಲ್ಲರಿಗೂ ಮೀಡಿಯಂ, ಹುಡುಗಿಯರಿಗೆ ಮೀಡಿಯಂ ಅಕ್ಕ. ಗಂಡ ಒಮ್ಮೆ ಮೂಡು ಚೆನ್ನಾಗಿದ್ದಾಗ "ಮದುವೆಯಾಗಿರೋದು ನಾನು, ಮೈ ಮಾತ್ರ ಕಂಪನಿದು" ಅಂದಿದ್ದ. ಅವಳಿಗೆ ಬೇಸರವಾಗಿರಲಿಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಮಕ್ಕಳ ಶಾಲೆಯ ಅಂಗಳದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ತನ್ನ ಮೈಯ ಮೇಲೆ ಪಾಸಾದ ಅಂಗಿ ತೊಟ್ಟು ನಿಂತಿರುವುದನ್ನು ಕಂಡರೆ ಅವಳಿಗೆ ಒಂದು ಬಗೆಯ ಯಜಮಾನಿಕೆಯ ಸುಖವಾಗುತ್ತಿತ್ತು. ನಿನ್ನ ಭುಜ ನನ್ನದು ಕಣೆ, ನಿನ್ನ ಕಂಕುಳೂ ನನ್ನದೇ.

ಹೋದ ವರ್ಷ ಜ್ವರದಲ್ಲಿ ಮಲಗಿ ಎದ್ದ ಮೇಲೆ ಮೈ ತುಂಬಿಕೊಂಡಿತು, ಎದೆ ತುಂಬಲಿಲ್ಲ. ಅವಳಿಗೆ ಗೊತ್ತಿತ್ತು. ಆದರೆ ಅವಳಿಗೆ ಗೊತ್ತಿದ್ದುದು ಆಕಾರದ ಮಾತು: ಇಬ್ಬರು ಮಕ್ಕಳು ಕುಡಿದದ್ದು, ಸ್ವಲ್ಪ ಇಳಿದಿದೆ, ವಯಸ್ಸು ಮೂವತ್ತೆಂಟು. ಅಂಕಿ ಹಾಗೇ ಇದೆ, ಮಾಸ್ಟರು ಹೇಳುತ್ತಿದ್ದಾರಲ್ಲ. ಮನೆಯಲ್ಲಿ ಟೇಪು ಇರಲಿಲ್ಲವೆಂದಲ್ಲ, ಮೂರಿದ್ದವು. ಒಂದು ವರ್ಷದಿಂದ ಅವುಗಳಲ್ಲಿ ಒಂದನ್ನೂ ಅವಳು ತನ್ನ ಮೈಗೆ ತಾಗಿಸಿರಲಿಲ್ಲ, ಮತ್ತು ತಾಗಿಸಿಲ್ಲ ಎಂಬುದನ್ನು ಗಮನಿಸದಿರಲು ಬಹಳ ಎಚ್ಚರ ವಹಿಸಿದ್ದಳು. ಕಳೆದ ಸಲ, ಮಾಲು ಕೊಳ್ಳುವ ಕಂಪನಿಯಿಂದ ಬರುವ ಬಯರ್ ಮೇಡಂ ಅವಳ ಎದೆಯ ಮೇಲಿನ ಬಟ್ಟೆಯನ್ನು ಎರಡೇ ಬೆರಳಲ್ಲಿ, ಹಾಲಿನ ಕೆನೆ ಎತ್ತುವ ಹಾಗೆ, ಎತ್ತಿ ಹಿಡಿದು, "ಇಲ್ಲಿ ಯಾಕೋ ಬಟ್ಟೆ ಸುಮ್ನೆ ನಿಂತಿದೆಯಲ್ಲ ಮಾಸ್ಟ್ರೇ" ಎಂದಳು. ಮಾಸ್ಟರು ಪಿನ್ನು ಚುಚ್ಚಿದರು. ಪಿನ್ನು ಮೈಗೆ ತಾಗಲಿಲ್ಲ, ಆದರೂ ತಾಗಿದ ಹಾಗಾಗಿ ಅವಳು ಒಂದು ಹೆಜ್ಜೆ ಹಿಂದೆ ಸರಿದು ಪೆಟ್ಟಿಗೆಯಿಂದ ಬೀಳುವುದರಲ್ಲಿದ್ದಳು. ಅದರ ಮರುದಿನವೇ ನಾದಿನಿಗೆ ಫೋನು ಮಾಡಿದ್ದು. ತನಗೆ ಹಲ್ಲು ನೋವೆಂದು ಗಂಡನಿಗೆ ಹೇಳಿದ್ದು.

ಡಾಕ್ಟರಮ್ಮನಿಗೆ ಅವಳ ವಯಸ್ಸೇ ಇರಬಹುದು. ಕೈಗಳು ತಣ್ಣಗಿದ್ದವು, ಅವಸರವಿಲ್ಲದ ಕೈಗಳು. ಇವರು ಬಟ್ಟೆ ಕತ್ತರಿಸಿದ್ದರೆ ಚೆನ್ನಾಗಿ ಕತ್ತರಿಸುತ್ತಿದ್ದರು ಎಂದುಕೊಂಡಳು. ಎದೆ ತುಂಬಿಸಲು ಒಳಗಿಡುವ ಚೀಲಗಳನ್ನು ಡಾಕ್ಟರಮ್ಮ ಮೇಜಿನ ಮೇಲೆ ಒಂದೊಂದೇ ತೆಗೆದಿಟ್ಟದ್ದು ಅಂಗಡಿಯವರು ಬಟ್ಟೆಯ ಥಾನು ಬಿಚ್ಚಿ ಹರಡಿದ ಹಾಗೇ ಇತ್ತು. ಇದು ಸಿಲಿಕೋನ್ ಜೆಲ್ ತುಂಬಿದ ಚೀಲ. ಮುಟ್ಟಿದರೆ ಮೈಯ ಹಾಗೇ ಇರುತ್ತದೆ, ಒಳಗೆ ಒಡೆದರೆ ಮಾತ್ರ ಹೊರಗೆ ಗೊತ್ತಾಗುವುದಿಲ್ಲ, ಆಗಾಗ ಸ್ಕ್ಯಾನ್ ಮಾಡಿಸಿ ನೋಡುತ್ತಿರಬೇಕು. ಇದು ಉಪ್ಪುನೀರು ತುಂಬುವುದು. ಒಡೆದರೆ ಆ ಕಡೆ ಚಪ್ಪಟೆಯಾಗಿ ತಕ್ಷಣ ತಿಳಿಯುತ್ತದೆ, ನೀರನ್ನು ಮೈಯೇ ಹೀರಿಕೊಳ್ಳುತ್ತದೆ, ಆದರೆ ತೆಳ್ಳಗಿರುವವರಲ್ಲಿ ಅಂಚಿನ ಸುಕ್ಕು ಕೈಗೆ ಸಿಗಬಹುದು. ಇದು ಗುಂಡು, ಇದು ಹನಿಯ ಆಕಾರ. ಕೊಯ್ಯುವುದು ಮೊಲೆಯ ಕೆಳಗಿನ ಮಡಿಕೆಯಲ್ಲಿ, ಇಲ್ಲವೆ ತೊಟ್ಟಿನ ಸುತ್ತಲ ಕಪ್ಪಿನ ಅಂಚಿನಲ್ಲಿ, ಇಲ್ಲವೆ ಕಂಕುಳಲ್ಲಿ. ಇಡುವುದು ಎದೆಯ ಸ್ನಾಯುವಿನ ಮೇಲೆ ಅಥವಾ ಅದರ ಕೆಳಗೆ. ಕೆಳಗಿಟ್ಟರೆ ನೋವು ಹೆಚ್ಚು ದಿನ, ಅಂಚು ಕಾಣುವುದು ಕಡಿಮೆ.

"ಕಂಕುಳಲ್ಲಿ ಬೇಡ," ಎಂದಳು ಅವಳು. "ತೋಳಿಲ್ಲದ ಅಂಗಿ ಹಾಕಿದಾಗ ಪಿನ್ನು ಅಲ್ಲೇ ಬರುತ್ತೆ."

ಡಾಕ್ಟರಮ್ಮ ಅರ್ಥವಾಗದೆ ಅವಳ ಮುಖ ನೋಡಿದರು.

"ಅದಲ್ಲದೆ ಇನ್ನೊಂದು ದಾರಿ ಇದೆ ಅಂತಾರಲ್ಲ ಡಾಕ್ಟ್ರೇ," ನಾದಿನಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ತೊಡೆ ಕೊಬ್ಬು ತೆಗೆದು ಮೇಲೆ ತುಂಬೋದು? ಅದಾದ್ರೆ ಅತ್ತಿಗೆದು ಸಾಲದೇ ಬಂದ್ರೆ ನಂದು ಬೇಕಾದಷ್ಟಿದೆ, ದಾನ ಮಾಡ್ತೀನಿ."

"ಬೇರೆಯವರದು ಹಿಡಿಯಲ್ಲ. ಇವರದೇ ಆಗ್ಬೇಕು." ಡಾಕ್ಟರಮ್ಮ ಮೊದಲ ಸಲ ನಕ್ಕರು. "ಇವರ ಮೈಯಲ್ಲಿ ತೆಗೆಯೋಕೆ ಹೆಚ್ಚಿಲ್ಲ. ತುಂಬಿದ್ರಲ್ಲೂ ಒಂದಷ್ಟು ಕರಗಿ ಹೋಗುತ್ತೆ. ಮತ್ತೆ, ಇವರದು ಸ್ವಲ್ಪ ಇಳಿದಿದೆ. ಬರೀ ಚೀಲ ಇಟ್ರೆ ತುಂಬಿಕೊಳ್ಳುತ್ತೆ, ಮೇಲೆ ಬರಲ್ಲ. ಎತ್ತಬೇಕಂದ್ರೆ ಅದು ಬೇರೆ ಆಪರೇಷನ್ನು, ಗಾಯದ ಗೆರೆಗಳೂ ಜಾಸ್ತಿ."

"ಆಗ ಮೂವತ್ತಾರು ಬರುತ್ತಾ?"

"ಏನು ಮೂವತ್ತಾರು?"

"ಇಂಚು."

"ನಾವು ಇಂಚಲ್ಲಿ ಮಾಡಲ್ಲ. ಸಿಸಿ ಲೆಕ್ಕ, ಚೀಲದೊಳಗೆ ಎಷ್ಟು ಹಿಡಿಯುತ್ತೆ ಅಂತ. ಇನ್ನೂರೈವತ್ತು, ಮುನ್ನೂರು, ಹೀಗೆ. ಹೊರಗಡೆ ಟೇಪಲ್ಲಿ ಇಷ್ಟೇ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಮೈ ಒಪ್ಕೋಬೇಕು. ಕೆಲವರಿಗೆ ಸುತ್ತಲ ಪೊರೆ ಬಿಗಿದುಕೊಂಡು ಕಲ್ಲಿನ ಹಾಗಾಗುತ್ತೆ. ಕೆಲವರಿಗೆ ತೊಟ್ಟಿನ ಸ್ಪರ್ಶ ಕಡಿಮೆಯಾಗುತ್ತೆ. ಒಂದ್ಸಲ ಮಾಡಿಸಿದ್ರೆ ಮುಗೀತು ಅನ್ನೋ ಹಾಗೂ ಇಲ್ಲ, ವರ್ಷಗಳಾದ ಮೇಲೆ ತೆಗೀಬೇಕಾಗ್ಬಹುದು, ಬದಲಾಯಿಸ್ಬೇಕಾಗ್ಬಹುದು."

ನಂತರ ನರ್ಸ್ ಹುಡುಗಿ ಅವಳಿಗೆ ಎಲಾಸ್ಟಿಕ್ಕಿನ ಒಳಉಡುಪೊಂದನ್ನು ತೊಡಿಸಿ, ಅದರೊಳಗೆ ಎರಡು ಜೆಲ್ ತಟ್ಟೆಗಳನ್ನು ಕೂರಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಅವಳು ಕಂಡದ್ದು ಇಪ್ಪತ್ತನಾಲ್ಕರ ತನ್ನನ್ನು. ಅದನ್ನು ಅವಳು ಎದುರು ನೋಡಿದ್ದಳು. ಎದುರು ನೋಡದೆ ಇದ್ದದ್ದು, ಕಾರ್ಖಾನೆ ಮನಸ್ಸಿಗೇ ಬರಲಿಲ್ಲ ಎಂಬುದು. ಅವಳು ಪಕ್ಕಕ್ಕೆ ತಿರುಗಿ ನೋಡಿದಳು, ಕೈ ಎತ್ತಿ ತಲೆಗೂದಲು ಸರಿಮಾಡಿಕೊಂಡು ನೋಡಿದಳು. ಮಾಸ್ಟರಿಗೂ ಬೇಕಿಲ್ಲದ, ಬಯರಿಗೂ ಬೇಕಿಲ್ಲದ, ಗಂಡನಿಗೆ ತೋರಿಸಲೇಬೇಕೆಂದೂ ಇಲ್ಲದ ಒಂದು ಇಷ್ಟ, ಯಾರೂ ಕಾಣದಾಗ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡ ಹಾಗೆ. ಕೂಡಲೇ ನಾಚಿಕೆಯಾಯಿತು. ಅರೆಬೆತ್ತಲೆ ನಿಂತಾಗ ಆಗದ ನಾಚಿಕೆ ತುಂಬಿಕೊಂಡು ನಿಂತಾಗ ಆಯಿತು. "ಇದು ಯಾರಿಗೆ ಬೇಕಾಗಿದೆ? ನಿಮಗಾ, ಇನ್ಯಾರಿಗಾದ್ರೂನಾ?" ಎಂದು ಡಾಕ್ಟರಮ್ಮ ಹಿಂದಿನಿಂದ ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆ ಇರಬೇಕು, ದನಿಯಲ್ಲಿ ಕುತೂಹಲವಿರಲಿಲ್ಲ. ಅವಳು ಬಾಯಿ ತೆರೆದಳು. ಅರ್ಧ ನಿಮಿಷ ಮೊದಲು ಕೇಳಿದ್ದರೆ ‘ನನಗೇ’ ಅನ್ನುತ್ತಿದ್ದಳೇನೋ. ಆದರೆ ಅಷ್ಟರಲ್ಲಿ ಎಂಬತ್ತೇಳು ವಾಪಸು ಬಂದು ಕನ್ನಡಿಯ ಒಂದು ಮೂಲೆಯಲ್ಲಿ ನಿಂತುಬಿಟ್ಟಿತ್ತು. "ಅವಸರ ಇಲ್ಲ, ಯೋಚನೆ ಮಾಡಿ ಹೇಳಿ," ಎಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ನಾದಿನಿ ಕಿಟಕಿಯ ಪಕ್ಕ ಕುಳಿತು ಆಯ್ಕೆಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. "ನನ್ನ ಕೇಳಿದ್ರೆ ಜೆಲ್ಲೇ. ಉಪ್ಪುನೀರು ಅಂದ್ರೆ ಯಾಕೋ ಉಪ್ಪಿನಕಾಯಿ ಹಾಕಿಟ್ಟ ಹಾಗಾಯ್ತು. ಮಡಿಕೆಯಲ್ಲೇ ಕೊಯ್ಯಲಿ, ಕಾಣಲ್ಲ. ಅಣ್ಣನಿಗೆ ಏನಂತ ಹೇಳ್ತೀಯ? ಹಲ್ಲು ಕಟ್ಟಿಸ್ಕೊಂಡೆ, ಊತ ಕೆಳಗಿಳೀತು ಅಂತೀಯಾ?" ಅವಳು ನಕ್ಕಳು, ನಾದಿನಿಯ ಮನಸ್ಸು ದೊಡ್ಡದು, ನಗದಿದ್ದರೆ ಗಾಬರಿಯಾಗುತ್ತಾಳೆ. ಒಳಗೆ ಬೇರೊಂದು ಗಣಿತ ನಡೆದಿತ್ತು. ಮೂವತ್ತಾರರಲ್ಲಿ ಮೂವತ್ನಾಲ್ಕೂ ಕಾಲು ಹೋದರೆ ಒಂದೂಮುಕ್ಕಾಲು. ಒಂದೂಮುಕ್ಕಾಲು ಇಂಚಿನ ಬಟ್ಟೆ ಅವಳ ಎದೆಯ ಮೇಲೆ ಸುಮ್ಮನೆ ನಿಂತಿತ್ತು. ಬಯರ್ ಮೇಡಂ ಎತ್ತಿದಳು, ಮಾಸ್ಟರು ಪಿನ್ನು ಚುಚ್ಚಿದರು, ಪ್ಯಾಟರ್ನು ಕಿರಿದಾಯಿತು. ಇದು ಮೊದಲನೆಯ ಸಲವಲ್ಲ. ನಾಲ್ಕು ತಿಂಗಳ ಹಿಂದೆ ನೀಲಿ ಅಂಗಿಗೂ ಅಲ್ಲೇ, ಹಾಗೇ ಪಿನ್ನು ಬಿದ್ದಿತ್ತು. ಆ ನೀಲಿ ಅಂಗಿಗಳು ಮೂರು ಸಾವಿರ ಹೊಲಿದು ಹೋಗಿ, ಮೀಡಿಯಂ ಹೆಂಗಸರಿಗೆ ಎದೆಯ ಹತ್ತಿರ ಗುಂಡಿ ಕೂರುತ್ತಿಲ್ಲವೆಂದು ಕಳೆದ ತಿಂಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ವಾಪಸು ಬಂದಿದ್ದವು. ಮೀಟಿಂಗಿನಲ್ಲಿ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲವಂತೆ: ಮೈಯ ಮೇಲೆ ಪಾಸಾದ ಪ್ಯಾಟರ್ನು ತಪ್ಪಿರಲು ಸಾಧ್ಯವಿಲ್ಲ, ಆದ್ದರಿಂದ ಕತ್ತರಿಸಿದವನದೇ ತಪ್ಪು, ಗೆರೆಯ ಒಳಗೆ ಕತ್ತರಿಸಿದ್ದಾನೆ. ಮೂವತ್ತು ವರ್ಷ ಕಟಿಂಗ್ ಮೇಜಿನ ಮುಂದೆ ನಿಂತಿದ್ದ ಕತ್ತರಿಯಣ್ಣನನ್ನು ಪ್ಯಾಕಿಂಗಿಗೆ ಹಾಕಿದರು. ಅವಳೂ ಆಗ ಎಲ್ಲರ ಹಾಗೆ "ಪಾಪ, ವಯಸ್ಸಾಯ್ತು, ಕಣ್ಣು ಮಂಜಾಗಿದೆ" ಅಂದಿದ್ದಳು. ಅಂದದ್ದು ನೆನಪಿತ್ತು, ಎಲ್ಲಿ ನಿಂತು ಅಂದದ್ದು, ಯಾರಿಗೆ ಅಂದದ್ದು, ಆಗ ತಾನು ಎಳನೀರಿನಷ್ಟು ತಿಳಿಯಾಗಿದ್ದೆನೆಂದು ತನಗೆ ತಾನೇ ತೋರಿಸಿಕೊಂಡದ್ದು.

ನಾದಿನಿ ಇಳಿಯುವಾಗ ಅವಳ ಕೈ ಅದುಮಿ ಹೇಳಿದಳು. "ಅತ್ತಿಗೆ, ಮಾಡಿಸ್ಕೋ ಇಲ್ಲಾ ಬಿಡು. ಆದ್ರೆ ಆ ಮುಖ ಮಾಡ್ಕೊಂಡು ಮಾಡಿಸ್ಕೋಬೇಡ. ಯಾರೋ ಹಿಡ್ಕೊಂಡು ಮಾಡಿಸ್ತಿರೋ ಹಾಗಿದೆ."

ಮರುದಿನ, ಪ್ಯಾಕಿಂಗ್ ಹಾಲಿನಲ್ಲಿ ಊಟದ ವಿರಾಮ. ಕತ್ತರಿಯಣ್ಣ ಊಟ ಮುಗಿಸಿ ಕೈತೊಳೆದು ಬಂದು, ವಿರಾಮ ಮುಗಿಯುವುದಕ್ಕೆ ಮೊದಲೇ ಅಂಗಿಗಳ ಬೆನ್ನಿಗೆ ರಟ್ಟು ಇಟ್ಟು ಮಡಿಸುತ್ತಿದ್ದ. ಮಡಿಸುವ ಕೆಲಸಕ್ಕೆ ಅವನ ಕೈ ದೊಡ್ಡದಾಗಿತ್ತು. ಆನೆ ಕೈಯಲ್ಲಿ ಸಾಸಿವೆ ಆರಿಸಿದ ಹಾಗೆ ಎಂದು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದರೆಂದು ಅವಳು ಕೇಳಿದ್ದಳು.

"ಏನಮ್ಮಾ ಮೀಡಿಯಂ, ದಾರಿ ತಪ್ಪಿ ಕೆಳಗಿಳಿದ್ಯಾ?"

"ಅಣ್ಣಾ, ಆ ನೀಲಿ ಲಾಟು ನಿಮ್ಮ ತಪ್ಪಲ್ಲ."

"ಗೊತ್ತು." ಅವನು ಒಂದು ಅಂಗಿ ಮಡಿಸಿ ಪಕ್ಕಕ್ಕಿಟ್ಟ.

"ನನ್ನ..."

"ಅದೂ ಗೊತ್ತು."

"ಯಾವಾಗಿಂದ?"

"ಪ್ಯಾಟರ್ನು ಹಾಳೆ ನನ್ನ ಮೇಜಿನ ಮೇಲೆ ಹಾಸಿದ ದಿನಾನೇ. ಮೂವತ್ತು ವರ್ಷ ಎದೆ ತುಂಡು ಕತ್ತರಿಸಿದೀನಮ್ಮ. ಟೇಪು ಬೇಕಾಗಲ್ಲ, ಕಣ್ಣಿಗೆ ಗೊತ್ತಾಗುತ್ತೆ. ಇದು ಮೂವತ್ತಾರರದಲ್ಲ ಅಂದ್ಕೊಂಡೆ. ಬಯರ್ ಸಹಿ ಇತ್ತು, ಕತ್ತರಿಸ್ದೆ."

"ಮತ್ತೆ ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ? ಅಂಗಿ ಮೇಲೆ ಹಾಳೆ ಇಟ್ಟು ತೋರಿಸಿದ್ರೆ ಎರಡೂ ಒಂದೇ ಅಂತ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತಲ್ಲ?"

"ಗೊತ್ತಾಗ್ತಿತ್ತು. ಆಮೇಲೆ ಹಾಳೆ ಯಾಕೆ ಚಿಕ್ಕದಾಯ್ತು ಅಂತ ಕೇಳ್ತಿದ್ರು. ಒಂಬತ್ತು ಜನ ಗಂಡಸ್ರು ಕೂತಿದ್ರಮ್ಮ ಅಲ್ಲಿ. ಅವರ ಮುಂದೆ ನಿಂತ್ಕೊಂಡು ನಿನ್ನ ಎದೆ ಮಾತಾಡ್ಲಾ ನಾನು? ನನಗೂ ಮಗಳಿದಾಳೆ." ಅವನು ಗುಂಡಿ ಹಾಕಿದ. "ಕೈ ಜಾರ್ತು ಸಾರ್ ಅಂದೆ. ಅದು ಸುಲಭ. ಬಿಡು, ಇಲ್ಲಿ ಕೂತ್ಕೊಂಡು ಕೆಲಸ ಮಾಡ್ಬಹುದು, ಮಂಡಿಗೆ ಆರಾಮು."

ಆರಾಮಲ್ಲ ಎಂಬುದು ಅವನ ಕೈಯಲ್ಲೇ ಇತ್ತು. ಕತ್ತರಿಸುವಾಗ ಹಾಡುತ್ತಿದ್ದವನು ಇಲ್ಲಿ ಹಾಡುತ್ತಿರಲಿಲ್ಲ. ಅವಳಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು, ಅದೇ ಕ್ಷಣ ಅವನ ಕೆನ್ನೆಗೆ ಹೊಡೆಯಬೇಕೆಂದೂ ಅನ್ನಿಸಿತು. ಹದಿನಾಲ್ಕು ವರ್ಷ ಇವರೆಲ್ಲರೂ ಅವಳ ಎದೆಯನ್ನು ದಿನವೂ ಗಟ್ಟಿಯಾಗಿ ಕೂಗಿದ್ದಾರೆ, ಬರೆದಿದ್ದಾರೆ, ಗೋಡೆಗೆ ಅಂಟಿಸಿದ್ದಾರೆ, ಯಾರಿಗೂ ಸಂಕೋಚವಾಗಲಿಲ್ಲ. ಮೂವತ್ತಾರು ಇದ್ದಷ್ಟು ದಿನ ಅದು ಅಂಕಿ. ಒಂದೂಮುಕ್ಕಾಲು ಕಡಿಮೆಯಾದ ಕೂಡಲೇ ಅದು ಎದೆ. ಮಾಸ್ಟರು ಕರುಣೆಯಿಂದ ಸುಳ್ಳು ಹೇಳಿದರು, ಇವನು ಮರ್ಯಾದೆಯಿಂದ ತಪ್ಪೊಪ್ಪಿಕೊಂಡ. ಮೇಲೆ ಅವಳು ಸ್ಯಾಂಪಲ್ ಕೋಣೆಯ ಫ್ಯಾನಿನ ಕೆಳಗೆ ನಿಂತಿದ್ದಾಗ ಕೆಳಗೆ ಅವಳ ಮಾನ ಕಾಯಲು ಒಬ್ಬ ಮುದುಕ ರಟ್ಟಿಟ್ಟು ಅಂಗಿ ಮಡಿಸುತ್ತಿದ್ದ. ಚೀಲ ಇಡಿಸಿಕೊಂಡು ಬಂದರೆ? ಜೆಲ್ಲೋ ನೀರೋ, ಸ್ನಾಯುವಿನ ಮೇಲೋ ಕೆಳಗೋ, ಹಲ್ಲಿನ ಹೆಸರಲ್ಲಿ ರಜೆ ಹಾಕಿ ಬಂದು ಪೆಟ್ಟಿಗೆ ಹತ್ತಿದರೆ ಟೇಪು ಮೂವತ್ತಾರು ಹೇಳಬಹುದು, ಹೇಳದಿರಬಹುದು. ಹೇಳಿದರೂ ಈ ಕೈ ಇಲ್ಲೇ ಮಡಿಸುತ್ತಿರುತ್ತದೆ. ಅವಳು ಮೆಟ್ಟಿಲು ಹತ್ತಿದಳು. ಹಿಂದಿನಿಂದ ಅವನು "ಯಾರಿಗೂ ಹೇಳ್ಬೇಡ ಮತ್ತೆ" ಎಂದದ್ದು ಕೇಳಿಸಿತು.

ಮೂರು ಗಂಟೆಗೆ ಬಯರ್ ಮೇಡಂ ಬಂದಾಗ ಅವಳು ತೆಳ್ಳನೆಯ ಒಳಅಂಗಿಯಲ್ಲಿ ಪೆಟ್ಟಿಗೆಯ ಮೇಲಿದ್ದಳು. ಹೊಸ ಮಾದರಿಗೆ ಮೊದಲು ಅಳತೆ ತೆಗೆಯುವುದು ರೂಢಿ. ಮೂಲೆಯಲ್ಲಿ ನಾಲ್ಕು ಸ್ಯಾಂಪಲ್ ಟೈಲರುಗಳು ಬಗ್ಗಿ ಹೊಲಿಯುತ್ತಿದ್ದರು. ಮಾಸ್ಟರು ಟೇಪನ್ನು ಅವಳ ಬೆನ್ನ ಹಿಂದಿನಿಂದ ತಂದು ಮುಂದೆ ಕೂಡಿಸಿದರು. ಆಗ ಅವಳಿಗೆ ತಿಳಿಯಿತು, ತಿಳಿದೇ ಇದ್ದದ್ದು ಮತ್ತೊಮ್ಮೆ ತಿಳಿಯಿತು: ಬೆನ್ನ ಕಡೆ ಟೇಪಿಗೂ ಮೈಗೂ ನಡುವೆ, ಕಡಿಮೆಯಾದಷ್ಟನ್ನು ತುಂಬಿಕೊಂಡು, ಅವರ ಎರಡು ಬೆರಳು ಇದ್ದವು. ಅವಳು ಅದನ್ನು ಇಷ್ಟು ದಿನ ಸಭ್ಯತೆ ಎಂದುಕೊಂಡಿದ್ದಳು. ಅವರ ಉಂಗುರದ ತಂಪು ತೆಳುಬಟ್ಟೆಯ ಮೂಲಕ ಬೆನ್ನಿಗೆ ತಾಗುತ್ತಿತ್ತು. ಅರುವತ್ತರ ಹತ್ತಿರ ಬಂದ ಮನುಷ್ಯ. ಒಂದು ದಿನವೂ ಅಳತೆಗೆ ಮೀರಿ ಮುಟ್ಟಿದವರಲ್ಲ. ಸುಳ್ಳು ಹೇಳುವಾಗ ಮಾತ್ರ ಬೆರಳು ಊರುತ್ತಿದ್ದರು.

"ಮೂವತ್ತಾರು," ಎಂದರು ಮಾಸ್ಟರು.

ಬಯರ್ ಮೇಡಮ್ಮಿನ ಪೆನ್ಸಿಲು ಕಾಗದದ ಮೇಲೆ ಆಡಿತು.

"ಅಲ್ಲ ಮೇಡಂ." ದನಿ ತನ್ನದೇ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. "ಮೂವತ್ನಾಲ್ಕೂ ಕಾಲು."

ಹೊಲಿಗೆಯ ಯಂತ್ರಗಳು ಒಂದೊಂದಾಗಿ ನಿಂತವು. ಬೆನ್ನ ಮೇಲಿನ ಎರಡು ಬೆರಳು ಅಲ್ಲೇ ಉಳಿದವು, ತೆಗೆಯಲೂ ಆಗದೆ ಇರಿಸಲೂ ಆಗದೆ. ಮಾಸ್ಟರ ಕಣ್ಣು ಅವಳ ಕಣ್ಣನ್ನು ಕೇಳುತ್ತಿತ್ತು, ಹಾಗೆ ಕೇಳುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಮುಂದಿನ ಮಾತು ಸತ್ಯವೇ ಆದರೆ ಕತ್ತರಿಯಣ್ಣನನ್ನು ಮೇಲೆ ತಂದು ಮಾಸ್ಟರನ್ನು ಕೆಳಗೆ ತಳ್ಳಿದಂತೆ. ಅವಳು ಮೂವತ್ನಾಲ್ಕೂ ಕಾಲಿನ ತನ್ನ ಎದೆಯನ್ನು ಒಮ್ಮೆ ನೋಡಿಕೊಂಡಳು.

"ನಾನು ಉಸಿರು ತುಂಬಿ ಹಿಡ್ಕೊಂಡು ನಿಲ್ತಿದ್ದೆ ಮೇಡಂ. ಒಂದು ವರ್ಷದಿಂದ. ಮಾಸ್ಟರಿಗೆ ಗೊತ್ತಿಲ್ಲ."

"ಯಾಕೆ?"

"ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ ಅಂತ."

"ಹಾಗಾದ್ರೆ ಆ ನೀಲಿ ಲಾಟು..."

"ನನ್ನ ಮೈ ಮೇಲೇ ಪಿನ್ನು ಹಾಕಿದ್ದು. ಕಟಿಂಗ್ ತಪ್ಪಲ್ಲ. ಅಂಗಿ ಮೇಲೆ ಪ್ಯಾಟರ್ನು ಹಾಳೆ ಇಟ್ಟು ನೋಡಿ. ಮ್ಯಾನೇಜರಿಗೆ ನಾನೇ ಬರೆದು ಕೊಡ್ತೀನಿ, ಈಗಲೇ."

ಬಯರ್ ಮೇಡಂ ಬರೆದದ್ದನ್ನು ರಬ್ಬರಿನಲ್ಲಿ ಒರೆಸಿ, ಒರೆಸಿದ ಪುಡಿಯನ್ನು ಊದಿದಳು. ಆಮೇಲೆ ಕೋಪವೂ ಅಲ್ಲದ, ಮರುಕವೂ ಅಲ್ಲದ, ಕೆಲಸದ ದನಿಯಲ್ಲಿ ಹೇಳಿದಳು. "ಸರಿ. ಈಗ ಉಸಿರು ಬಿಡಿ. ಮಾಸ್ಟ್ರೇ, ಇನ್ನೊಂದ್ಸಲ ತಗೊಳ್ಳಿ."

ಮಾಸ್ಟರು ಟೇಪು ಬಿಚ್ಚಿ ಮತ್ತೆ ಸುತ್ತಿದರು. ಈ ಸಲ ಬೆನ್ನ ಮೇಲೆ ಟೇಪು ಬಿಟ್ಟು ಬೇರೇನೂ ಇರಲಿಲ್ಲ. ಎಲ್ಲರೂ ಅವಳು ಉಸಿರು ಬಿಡುವುದನ್ನೇ ಕಾಯುತ್ತಿದ್ದರು. ಅವಳು ಯಾವ ಉಸಿರನ್ನೂ ಹಿಡಿದಿರಲಿಲ್ಲ. ಬಿಡುವುದಕ್ಕೆ ಎಲ್ಲಿಂದ ತರುವುದೆಂದು ತಿಳಿಯದೆ ಒಂದು ಕ್ಷಣ ತಬ್ಬಿಬ್ಬಾಗಿ ನಿಂತಳು. ನಂತರ ಸುಮ್ಮನೆ, ಹುಸಿಗೆಂದೇ, ಬಾಯಿ ಸ್ವಲ್ಪ ತೆರೆದಳು. ಅದು ಬರತೊಡಗಿತು; ಬಂತು, ಇನ್ನೂ ಬಂತು, ಅಷ್ಟೊಂದು ಒಳಗಿತ್ತೆಂದು ಅವಳಿಗೇ ತಿಳಿದಿರಲಿಲ್ಲ. ಮಾಸ್ಟರು ಟೇಪು ಹಿಡಿದುಕೊಂಡು, ಅದು ಮುಗಿಯುವವರೆಗೂ ಕಾದರು.